‘ಹಮ್’ ಎಂದರೆ ನಾನೋ ನಾವೋ: ಒಂದು ಸಾಕ್ಷ್ಯ, ಇಬ್ಬರು ದುಭಾಷಿಗಳು

ಈ ಬರಹದಲ್ಲಿ ಊರು, ವಯಸ್ಸು, ಕೆಲಸ, ದಿನಾಂಕಗಳನ್ನು ಯಾರ ಗುರುತೂ ಸಿಗದಂತೆ ಬದಲಿಸಿದೆ. ಆಡಿದ ಮಾತು, ಮಾಡಿದ ಸನ್ನೆ, ಅವು ಕಡತಕ್ಕೆ ಇಳಿದ ಬಗೆ, ಕಲಿಯುವುದಕ್ಕೆ ಬೇಕಾದ ಈ ಮೂರನ್ನು ಮಾತ್ರ ಉಳಿಸಿಕೊಂಡಿದೆ.

ಹಿನ್ನೆಲೆ

ಕರ್ನಾಟಕದ ಒಂದು ಸೆಷನ್ಸ್ ನ್ಯಾಯಾಲಯ. ಕಟ್ಟಡ ಕೆಲಸದ ಜಾಗದ ತಗಡಿನ ಶೆಡ್ಡುಗಳಲ್ಲಿ ಬಿಹಾರದ ಪಶ್ಚಿಮ ಭಾಗದಿಂದ ಬಂದ ಕಾರ್ಮಿಕರು ಇದ್ದರು. ಕೂಲಿ ಬಟವಾಡೆಯ ವಿಚಾರಕ್ಕೆ ರಾತ್ರಿ ಜಗಳವಾಯಿತು. ಒಬ್ಬ ಮೇಸ್ತ್ರಿಯ ತಲೆಗೆ ಹಿಂದಿನಿಂದ ಕಬ್ಬಿಣದ ರಾಡಿನ ಏಟು ಬಿದ್ದು ತಲೆಬುರುಡೆಯ ಮೂಳೆ ಬಿರಿಯಿತು. ಆತ ಬದುಕಿಕೊಂಡ, ಆದರೆ ಹೊಡೆದವರನ್ನು ಕಂಡಿರಲಿಲ್ಲ. ನಡುವಯಸ್ಸಿನ ಒಬ್ಬ ಕಾರ್ಮಿಕ ಮತ್ತು ಅವನದೇ ಊರಿನ ಒಬ್ಬ ಯುವಕ, ಇಬ್ಬರ ಮೇಲೂ ಆರೋಪಪಟ್ಟಿ ಸಲ್ಲಿಕೆಯಾಯಿತು. ಘಟನೆ 2024ರ ಜುಲೈ 1ರ ನಂತರದ್ದಾದ್ದರಿಂದ ಭಾರತೀಯ ನ್ಯಾಯ ಸಂಹಿತೆಯ 109ನೇ ಕಲಂ (ಕೊಲೆ ಯತ್ನ), ಅದರ ಜೊತೆಗೆ 3(5)ನೇ ಕಲಂ. ಈ ಎರಡನೆಯ ಕಲಮಿನ ಪ್ರಕಾರ, ಹಲವರು ಒಂದೇ ಉದ್ದೇಶದಿಂದ ಕೃತ್ಯ ಎಸಗಿದರೆ ಪ್ರತಿಯೊಬ್ಬನೂ ಅದನ್ನು ತಾನೊಬ್ಬನೇ ಮಾಡಿದಂತೆ ಹೊಣೆಗಾರನಾಗುತ್ತಾನೆ.

ಕಣ್ಣಾರೆ ಕಂಡ ಸಾಕ್ಷಿ ಒಬ್ಬರೇ: ಒಂದನೇ ಆರೋಪಿಯ ತಮ್ಮನ ಹೆಂಡತಿ. ಓದುಬರಹ ಇಲ್ಲ, ಕನ್ನಡ ಬಾರದು. ಸಮನ್ಸಿನಲ್ಲಿ ‘ಭಾಷೆ: ಹಿಂದಿ’ ಎಂದು ಬರೆದಿತ್ತು. ಆಕೆ ಆಡುತ್ತಿದ್ದುದು ಭೋಜಪುರಿ. ಆ ನಮೂದನ್ನು ಯಾರದೋ ಉದಾಸೀನ ಎಂದು ತಳ್ಳಿಹಾಕುವಂತಿಲ್ಲ. 2011ರ ಜನಗಣತಿಯಲ್ಲೂ ಭೋಜಪುರಿಯನ್ನು ಹಿಂದಿಯ ಅಡಿಯಲ್ಲೇ ಎಣಿಸಲಾಗಿದೆ, ಅದನ್ನು ತಾಯ್ನುಡಿ ಎಂದು ಬರೆಸಿದವರು 5 ಕೋಟಿಗೂ ಹೆಚ್ಚು ಜನರಾದರೂ. ‘ನಿನ್ನ ಭಾಷೆ ಯಾವುದು’ ಎಂದು ಕೇಳಿದರೆ ಅಲ್ಲಿನವರೇ ಹೊರಗಿನವರ ಮುಂದೆ ‘ಹಿಂದಿ’ ಎನ್ನುವುದುಂಟು. ಆದರೆ ಭಾಷಾಶಾಸ್ತ್ರ ಅದನ್ನು ಮೈಥಿಲಿ, ಮಗಹಿಗಳ ಜೊತೆ ಬಿಹಾರಿ ಗುಂಪಿನಲ್ಲಿ ಇಡುತ್ತದೆ. ಸರ್ವನಾಮ, ಕ್ರಿಯಾಪದದ ಕೊನೆ, ದಿನದ ಹೊತ್ತನ್ನು ಹೇಳುವ ಪದ ಎಲ್ಲವೂ ಬೇರೆ.

ಮೊದಲ ದಿನ

ಹಿಂದಿ ಬಲ್ಲ ಕಿರಿಯ ವಕೀಲರೊಬ್ಬರು ಆ ಹೊತ್ತಿಗೆ ನ್ಯಾಯಾಲಯದ ಹಾಲಿನಲ್ಲೇ ಇದ್ದರು. ದುಭಾಷಿಯಾಗಿ ನಿಲ್ಲುವಂತೆ ಅವರನ್ನು ಕೋರಲಾಯಿತು. ಅವರ ಹಿಂದಿ ಶಾಲೆಯಲ್ಲಿ ಕಲಿತದ್ದು, ಜೊತೆಗೆ ಮನೆಯ ಸುತ್ತಲಿನ ದಖನಿ ಉರ್ದು ಕಿವಿಗೆ ಬಿದ್ದು ರೂಢಿಯಾದದ್ದು. ಮನಸ್ಸಿಟ್ಟು ಕೆಲಸ ಮಾಡಿದರು, ಅದರಲ್ಲಿ ಸಂಶಯವಿಲ್ಲ. ಆದರೆ ಪ್ರಮಾಣವಚನ ಮಾಡಿಸಲಿಲ್ಲ. ನಿಂತದ್ದು ಪೀಠಕ್ಕೆ ಮುಖ ಮಾಡಿ, ಸಾಕ್ಷಿ ಅವರ ಬೆನ್ನ ಹಿಂದೆ. ಭಾಷೆ ಹೊಂದುತ್ತದೆಯೇ ಎಂದು ನೋಡಲು ಎರಡು ಮಾತು ಆಡಿಸಿಯೂ ನೋಡಲಿಲ್ಲ. ಅಂದು ಸಂಜೆಯ ಹೊತ್ತಿಗೆ ಕಡತದಲ್ಲಿ ಐದು ತಪ್ಪುಗಳು ಕೂತಿದ್ದವು.

ಎಲ್ಲಕ್ಕಿಂತ ಭಾರವಾದದ್ದು ಅತ್ಯಂತ ಚಿಕ್ಕ ಪದದ್ದು. ಏಟು ಬೀಳುವ ಮೊದಲು ಒಂದನೇ ಆರೋಪಿ ಏನೆಂದ ಎಂಬ ಪ್ರಶ್ನೆಗೆ ಆಕೆ, ‘ಹಮ್ ಏಕರಾ ಕೇ ಮಾರಬ್’ ಎಂದಳು. ದುಭಾಷಿ ಕೊಟ್ಟ ಕನ್ನಡ: ‘ಇವನನ್ನು ನಾವು ಸಾಯಿಸುತ್ತೇವೆ.’ ಪುಸ್ತಕದ ಹಿಂದಿಯಲ್ಲಿ ‘ಹಮ್’ ಬಹುವಚನ. ಭೋಜಪುರಿಯಲ್ಲಿ ‘ಹಮ್’ ಎಂದರೆ ‘ನಾನು’. ‘ನಾವು’ ಎನ್ನಲು ‘ಹಮನೀ ಕೇ’ ಎಂಬ ಬೇರೆ ರೂಪವೇ ಇದೆ. ‘ಮಾರಬ್’ ಎಂಬುದಕ್ಕೆ ಮೊದಲ ಅರ್ಥ ‘ಹೊಡೆಯುತ್ತೇನೆ’. ಕೊಲ್ಲುವ ಮಾತೆಂದು ಖಚಿತವಾಗಬೇಕಾದರೆ ‘ಜಾನ್ ಸೇ’ ಎಂಬಂಥ ಪದ ಜೊತೆಗೆ ಬರಬೇಕು. ಒಂದೇ ವಾಕ್ಯದಲ್ಲಿ ಒಬ್ಬ ಇಬ್ಬರಾದರು, ಹೊಡೆತ ಕೊಲೆಯಾಯಿತು. ಆರೋಪಪಟ್ಟಿಯ ಎರಡೂ ಕಲಮುಗಳಿಗೆ ಬೇಕಾದ ಆಧಾರವನ್ನು ಸಾಕ್ಷಿ ಹೇಳದಿದ್ದರೂ ಅನುವಾದ ಒದಗಿಸಿತು.

ಕನ್ನಡದ ಗುಣವೂ ಇಲ್ಲಿ ಸೇರಿಕೊಂಡಿದೆ. ನಮ್ಮ ಕ್ರಿಯಾಪದ ತನ್ನ ಕೊನೆಯಲ್ಲೇ ಸಂಖ್ಯೆಯನ್ನು ಹೊತ್ತಿರುತ್ತದೆ: ಹೊಡೆಯುತ್ತೇನೆ, ಹೊಡೆಯುತ್ತೇವೆ. ಮೂಲದಲ್ಲಿ ಸಂದೇಹ ಇದ್ದರೂ ದುಭಾಷಿ ಒಂದನ್ನು ಆರಿಸಲೇಬೇಕು, ಆರಿಸಿದ್ದು ಕೇಳುವವರಿಗೆ ಗೊತ್ತಾಗುವುದೂ ಇಲ್ಲ. ತೆಲುಗಿನ ‘ಮನಮು–ಮೇಮು’, ತುಳುವಿನ ‘ನಮ–ಎಂಕುಳು’ ಇದೇ ಕಷ್ಟವನ್ನು ಬೇರೆ ದಿಕ್ಕಿನಿಂದ ತರುತ್ತವೆ. ಕೇಳುಗನನ್ನು ಒಳಗೊಂಡ ‘ನಾವು’ ಮತ್ತು ಹೊರಗಿಟ್ಟ ‘ನಾವು’ ಅಲ್ಲಿ ಬೇರೆ ಪದಗಳು. ಕನ್ನಡಕ್ಕೆ ಬರುವಾಗ ಎರಡೂ ಒಂದಾಗಿ, ಆ ಗುಂಪಿನಲ್ಲಿ ಯಾರಿದ್ದರು ಎಂಬ ಸುಳಿವು ಕಳೆದುಹೋಗುತ್ತದೆ.

ಅದೇ ‘ಹಮ್’ ಇನ್ನೊಂದು ಕಡೆ ಸಾಕ್ಷಿಗೇ ಮುಳುವಾಯಿತು. ‘ಹಮ್ ದೇಖನೀ’ ಎಂದದ್ದು ‘ನಾವು ನೋಡಿದೆವು’ ಎಂದಾಯಿತು. ಪೊಲೀಸರ ಮುಂದಿನ ಹೇಳಿಕೆಯಲ್ಲಿ ಆಗ ಎಚ್ಚರವಿದ್ದವಳು ತಾನೊಬ್ಬಳೇ ಎಂದಿತ್ತು. ಪಾಟೀ ಸವಾಲಿನಲ್ಲಿ ಪ್ರತಿವಾದಿ ವಕೀಲರು ‘ನಾವು ಎಂದರೆ ಯಾರು ಯಾರು?’ ಎಂದರು. ಪ್ರಶ್ನೆ ಹಿಂದಿಯಲ್ಲಿ ‘ಹಮ್ ಯಾನೇ ಕೌನ್?’ ಎಂದು ಹೋಯಿತು. ತನ್ನನ್ನೇ ‘ನೀನು ಯಾರು’ ಎಂದು ಕೇಳಿದಂತೆ ಆಕೆಗೆ ತೋರಿ ಕಕ್ಕಾಬಿಕ್ಕಿಯಾಗಿ ಸುಮ್ಮನೆ ನಿಂತಳು. ಆ ಮೌನ ನುಣುಚಿಕೊಳ್ಳುವ ಮೌನದಂತೆ ಕಂಡಿತು.

ಮೂರನೆಯದು, ಹೆಸರು. ಹೊಡೆದವರು ಯಾರು, ಹೆಸರು ಹೇಳಿ ಎಂದು ಸರ್ಕಾರಿ ಅಭಿಯೋಜಕರು ಕೇಳಿದಾಗ ಆಕೆ ಸೆರಗನ್ನು ಹಣೆಯಿಂದ ಗಲ್ಲದವರೆಗೆ ಎಳೆದುಕೊಂಡಳು, ಆರೋಪಿಗಳ ಕಟಕಟೆಗೆ ಬೆನ್ನಾದಳು, ಬಹಳ ಹೊತ್ತು ಸುಮ್ಮನಿದ್ದು ನೆಲ ನೋಡುತ್ತ ‘ನಾಮ್ ಕಇಸೇ ಲೀಂ’ ಎಂದಳು. ‘ಹೆಸರು ಹೇಗೆ ಹೇಳಲಿ’ ಎಂಬುದೇ ಅದರ ಅರ್ಥ. ಗಂಡನ ಹೆಸರು ಬಾಯಲ್ಲಿ ತರದ ನಮ್ಮ ಹಿಂದಿನ ತಲೆಮಾರಿನ ಹೆಂಗಸರ ಮಾತು ಇದಕ್ಕಿಂತ ಬೇರೆಯಲ್ಲ. ಕಡತಕ್ಕೆ ಹೋದದ್ದು: ‘ಸಾಕ್ಷಿಗೆ ಹೆಸರು ಗೊತ್ತಿಲ್ಲ.’ ಅರ್ಥವಾಗದ ಮಾತು ಮತ್ತು ಉದ್ದದ ಮೌನ ಸೇರಿದಾಗ ದುಭಾಷಿಯ ಮನಸ್ಸು ಆ ಜಾಗವನ್ನು ಊಹೆಯಿಂದ ತುಂಬಿಬಿಡುತ್ತದೆ. ಈ ಕೆಲಸದಲ್ಲಿ ಅತ್ಯಂತ ಹೆದರಬೇಕಾದ ಗಳಿಗೆ ಇದು, ಏಕೆಂದರೆ ಹೀಗೆ ಹುಟ್ಟಿದ ವಾಕ್ಯ ಸರಾಗವಾಗಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ನಾಲ್ಕನೆಯದು, ‘ಹ್ಞಾಂ’. ಪ್ರತಿವಾದಿ ವಕೀಲರ ಸೂಚನೆಗಳು, ಅಂದರೆ ‘ಹೀಗಿತ್ತು ಎಂದರೆ ಸರಿಯೇ’ ಎಂದು ಸಾಕ್ಷಿಯ ಮುಂದಿಡುವ ಪ್ರಶ್ನೆಗಳು, ಉದ್ದವಾಗಿದ್ದವು. ದುಭಾಷಿ ಅದನ್ನು ತುಂಡು ತುಂಡಾಗಿ ಹೇಳುವಾಗ ಆಕೆ ಪ್ರತಿ ತುಂಡಿಗೂ ತಲೆ ಆಡಿಸುತ್ತ ‘ಹ್ಞಾಂ’ ಎನ್ನುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಎಂಬ ಹ್ಞಾಂ ಅದು. ದುಭಾಷಿ ಕೊನೆಯ ಹ್ಞಾಂ ಹಿಡಿದು ‘ಹೌದು’ ಎಂದರು. ಬೆರಳಚ್ಚುಗಾರರು ರೂಢಿಯ ಮಾದರಿಯಲ್ಲಿ ‘ಶೆಡ್ಡಿನ ಮುಂದೆ ಬೆಳಕು ಇರಲಿಲ್ಲ, ದೂರದಿಂದ ಮುಖ ಕಾಣುತ್ತಿರಲಿಲ್ಲ ಎಂದರೆ ಸರಿ’ ಎಂದು ಹೊಡೆದರು. ಕನ್ನಡ ದಾಖಲೆಯ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂಬ ಅಚ್ಚಿನಲ್ಲಿ ಸಾಕ್ಷಿಯ ಸ್ವಂತ ಮಾತಿಗೆ ಜಾಗವೇ ಇಲ್ಲ. ಒಪ್ಪಿಗೆಯ ಹ್ಞಾಂ ಮತ್ತು ಆಲಿಸುವ ಹ್ಞಾಂ ಎರಡೂ ಅಲ್ಲಿ ಒಂದೇ ಆಗುತ್ತವೆ. ವಾಕ್ಯ ನಿಷೇಧಾರ್ಥಕವಾಗಿದ್ದರೆ ಇನ್ನೂ ಅಪಾಯ: ‘ಇರಲಿಲ್ಲ ಅಲ್ಲವೇ’ ಎಂಬುದಕ್ಕೆ ಬಂದ ‘ಹೌದು’, ಇರಲಿಲ್ಲ ಎಂದೋ ಇತ್ತು ಎಂದೋ ಎಂಬುದು ಹೇಳಿದವರ ಮುಖ ನೋಡಿದವರಿಗಷ್ಟೇ ತಿಳಿಯುತ್ತದೆ.

ಐದನೆಯದು, ರಾಡಿನ ಉದ್ದ. ‘ಏಕ್ ಹಾಥ್ ಕೇ ರಾಡ್’ ಎಂದಾಗ ಆಕೆಯ ಬಲಗೈ ಎಡ ಮೊಣಕೈಯನ್ನು ಮುಟ್ಟಿತ್ತು. ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಯೇ ‘ಹಾಥ್’, ನಮ್ಮ ಮೊಳ, ಹೆಚ್ಚುಕಡಿಮೆ 18 ಅಂಗುಲ. ಬೆನ್ನು ತಿರುಗಿಸಿ ನಿಂತಿದ್ದ ದುಭಾಷಿ ಸನ್ನೆ ನೋಡಲಿಲ್ಲ. ‘ಒಂದು ಕೈಯಲ್ಲಿ ರಾಡ್ ಇತ್ತು’ ಎಂದರು. ಮುದ್ದೆಮಾಲು, ಅಂದರೆ ಪ್ರಕರಣದಲ್ಲಿ ಜಪ್ತಾದ ರಾಡ್, ಒಂದೂವರೆ ಅಡಿಯದು. ಸಾಕ್ಷ್ಯಕ್ಕೂ ವಸ್ತುವಿಗೂ ಇದ್ದ ಕೊಂಡಿ ಹಾಗೆ ಬಿಟ್ಟುಹೋಯಿತು.

ದಿನದ ಕೊನೆಗೆ ಎರಡು ಕೋರಿಕೆಗಳು ಪೀಠದ ಮುಂದಿದ್ದವು. ಸಾಕ್ಷಿಯನ್ನು ಪ್ರತಿಕೂಲ, ಅಂದರೆ ಕರೆಸಿದ ಪಕ್ಷಕ್ಕೇ ತಿರುಗಿಬಿದ್ದವಳು, ಎಂದು ಪರಿಗಣಿಸಬೇಕೆಂದು ಅಭಿಯೋಜಕರು. ಮುಖ ಮುಚ್ಚಿಕೊಂಡು, ಆರೋಪಿಗಳತ್ತ ನೋಡದೆ, ತಡೆದು ತಡೆದು ಉತ್ತರಿಸಿದ್ದನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ವಿಚಾರಣೆಯ ಕ್ರಮ ಹೇಳುವ ಕಾನೂನು) 315ನೇ ಕಲಮಿನಡಿ ಸಾಕ್ಷಿಯ ವರ್ತನೆಯಾಗಿ ದಾಖಲಿಸಬೇಕೆಂದು ಪ್ರತಿವಾದಿ ವಕೀಲರು.

ತಿರುವು

ನ್ಯಾಯಾಧೀಶರು ಎರಡನ್ನೂ ಬದಿಗಿಟ್ಟು ಮೊದಲು ಹೇಳಿಕೆಯನ್ನು ಓದಿಹೇಳಿ ಎಂದರು. ಅದೇ ಸಂಹಿತೆಯ 313ನೇ ಕಲಂ ಹೇಳುವುದು ಅದನ್ನೇ: ದಾಖಲಾದ ಸಾಕ್ಷ್ಯವನ್ನು ಆರೋಪಿಯ ಅಥವಾ ಅವನ ವಕೀಲರ ಸಮ್ಮುಖದಲ್ಲಿ ಸಾಕ್ಷಿಗೆ ಓದಿಹೇಳಬೇಕು, ದಾಖಲೆಯ ಭಾಷೆ ಸಾಕ್ಷಿಗೆ ತಿಳಿಯದಿದ್ದರೆ ಆತ ಸಾಕ್ಷ್ಯ ನುಡಿದ ಭಾಷೆಯಲ್ಲೋ ಅವನಿಗೆ ತಿಳಿಯುವ ಭಾಷೆಯಲ್ಲೋ ಅರ್ಥ ಹೇಳಬೇಕು. ದಿನದ ಕೊನೆಗೆ ಎಲ್ಲರೂ ದಣಿದಿರುವಾಗ ಇದು ‘ಓದಿ ಹೇಳಲಾಗಿದೆ, ಸರಿ ಇದೆ’ ಎಂಬ ಒಂದು ಸಾಲಿಗೆ ಮುಗಿದುಹೋಗುವ ಅಪಾಯ ಯಾವಾಗಲೂ ಇದೆ. ಅಂದು ಹಾಗಾಗಲಿಲ್ಲ. ಸಾಲು ಸಾಲಾಗಿ ಓದಲಾಯಿತು.

‘ನಾವು ನೋಡಿದೆವು’ ಎಂಬಲ್ಲಿನ ಕನ್ನಡದ ‘ನಾವು’ ಹಿಂದಿಗೆ ಮರಳುವಾಗ ದುಭಾಷಿ ಅದನ್ನು ‘ಹಮ್ ಲೋಗ್’ ಎಂದರು. ಸೆರಗಿನೊಳಗಿಂದ ಕೂಡಲೇ ಮಾತು ಬಂತು: ‘ಹಮನೀ ಕೇ ನಾ. ಹಮ್. ಅಕೇಲೇ.’ ಜೊತೆಗೆ ಒಂದು ಬೆರಳು ಎದೆಯ ಮೇಲೆ. ಇಡೀ ದಿನದಲ್ಲಿ ಆಕೆ ಗಟ್ಟಿಯಾಗಿ ಆಡಿದ್ದು ಅದೊಂದೇ ಮಾತು. ನಾವಲ್ಲ, ನಾನು, ಒಬ್ಬಳೇ ಎಂದರ್ಥ. ‘ಅಕೇಲೇ’ ಎಂಬುದು ಎಲ್ಲರಿಗೂ ಅರ್ಥವಾಯಿತು.

ಇಲ್ಲಿ ನ್ಯಾಯಾಧೀಶರು ತೆಗೆದುಕೊಂಡ ನಿರ್ಧಾರ ಗಮನಿಸುವಂಥದ್ದು. ‘ನಾವು’ ಎಂಬುದನ್ನು ಹೊಡೆದುಹಾಕಿ ‘ನಾನು’ ಎಂದು ತಿದ್ದಿಸಿ ಮುಗಿಸಬಹುದಿತ್ತು. ಅದರ ಬದಲು ಅದೇ ಕಲಂ ಕೊಡುವ ಇನ್ನೊಂದು ದಾರಿ ಹಿಡಿದರು: ದಾಖಲೆಯನ್ನು ಮುಟ್ಟದೆ, ಸಾಕ್ಷಿಯ ಆಕ್ಷೇಪವನ್ನು ಪ್ರತ್ಯೇಕ ಟಿಪ್ಪಣಿಯಾಗಿ ಬರೆಸಿದರು. ಅದರಲ್ಲಿ ಆಕೆಯ ಭೋಜಪುರಿ ಮಾತನ್ನು ಕನ್ನಡ ಲಿಪಿಯಲ್ಲಿ ಇದ್ದಂತೆಯೇ ಇಳಿಸಿದರು. ಇದರಿಂದ ತಪ್ಪು ಎಲ್ಲಿ ಹುಟ್ಟಿತು ಎಂಬುದಕ್ಕೆ ಕಡತದಲ್ಲೇ ಕುರುಹು ಉಳಿಯಿತು. ತಿದ್ದಿಬಿಟ್ಟಿದ್ದರೆ ಉಳಿದ ನಾಲ್ಕು ತಪ್ಪುಗಳನ್ನು ಹುಡುಕುವ ಕಾರಣವೇ ಇರುತ್ತಿರಲಿಲ್ಲ. ಪ್ರತಿಕೂಲದ ಕೋರಿಕೆಯನ್ನು ಅಭಿಯೋಜಕರು ಮುಂದುವರಿಸಲಿಲ್ಲ.

ಮರುವಿಚಾರಣೆಗೆ ಸಿದ್ಧತೆ

ಸುರಕ್ಷಾ ಸಂಹಿತೆಯ 348ನೇ ಕಲಮಿನಡಿ ಸಾಕ್ಷಿಯನ್ನು ಮತ್ತೆ ಕರೆಯಿಸಲು ಅಭಿಯೋಜಕರು ಅರ್ಜಿ ಹಾಕಿದರು. ಪ್ರಾಸಿಕ್ಯೂಷನ್ ತನ್ನ ಲೋಪವನ್ನು ಮುಚ್ಚಿಕೊಳ್ಳಲು ನೋಡುತ್ತಿದೆ ಎಂಬ ಪ್ರತಿವಾದಿ ವಕೀಲರ ತಕರಾರಿನಲ್ಲಿ ಹುರುಳಿತ್ತು. ಅನುವಾದದ ನೆಪದಲ್ಲಿ ಇಡೀ ಸಾಕ್ಷ್ಯವನ್ನು ಹೊಸದಾಗಿ ಹೇಳಿಸುವುದು ನ್ಯಾಯವಲ್ಲ. ಅರ್ಜಿ ಷರತ್ತಿನೊಂದಿಗೆ ಮಂಜೂರಾಯಿತು. ಗುರುತು ಹಾಕಿದ ಭಾಗಗಳಿಗೆ ಮಾತ್ರ ಮರುಪ್ರಶ್ನೆ, ಹಳೆಯ ಹೇಳಿಕೆ ಕಡತದಲ್ಲಿ ಹಾಗೆಯೇ ಉಳಿಯಬೇಕು, ಆ ಭಾಗಗಳ ಮೇಲೆ ಪಾಟೀ ಸವಾಲಿಗೆ ಪೂರ್ಣ ಅವಕಾಶ.

ದುಭಾಷಿಯ ಹುಡುಕಾಟ ಸುಲಭವಿರಲಿಲ್ಲ. ಮೊದಲು ಬಂದ ಹೆಸರು ಗುತ್ತಿಗೆದಾರರ ಸೂಪರ್‌ವೈಸರನದು. ಎರಡೂ ಭಾಷೆ ಬಲ್ಲವ, ತಕ್ಷಣ ಸಿಗುವವ. ಆದರೆ ಪೊಲೀಸರ ಮುಂದೆ ಅರ್ಥ ಹೇಳಿದ್ದು ಅವನೇ, ಕೂಲಿ ಬಟವಾಡೆ ಮಾಡುತ್ತಿದ್ದವನೂ ಅವನೇ. ಪೀಠ ಒಪ್ಪಲಿಲ್ಲ. ಕೊನೆಗೆ ಸಿಕ್ಕವರು ಭೋಜಪುರಿ ಮನೆಮಾತಿನ, ಹಲವು ವರ್ಷಗಳಿಂದ ಕರ್ನಾಟಕದಲ್ಲಿರುವ ಒಬ್ಬ ಬ್ಯಾಂಕ್ ನೌಕರರು. ಆರೋಪಿಗಳ ಅಥವಾ ಗಾಯಾಳುವಿನ ಊರು, ನೆಂಟಸ್ತಿಕೆ, ಹಣದ ವ್ಯವಹಾರ ಯಾವುದೂ ಇವರಿಗೆ ತಾಗುವುದಿಲ್ಲವೆಂದು ಇಬ್ಬರು ವಕೀಲರೂ ಕೇಳಿ ಖಚಿತಪಡಿಸಿಕೊಂಡರು.

ಪ್ರಮಾಣವಚನ ಈ ಸಲ ಬಿಟ್ಟುಹೋಗಲಿಲ್ಲ. 1969ರ ಪ್ರಮಾಣವಚನ ಕಾಯ್ದೆಯ 4ನೇ ಕಲಂ ಸಾಕ್ಷಿಯ ಜೊತೆಗೆ ದುಭಾಷಿಯೂ ಪ್ರಮಾಣ ಮಾಡಬೇಕೆನ್ನುತ್ತದೆ. ನಿಜವಾದ ಅರ್ಥವನ್ನೇ ಹೇಳುವ ಹೊಣೆಯನ್ನು ಸುರಕ್ಷಾ ಸಂಹಿತೆಯ 317ನೇ ಕಲಂ ಹೊರಿಸುತ್ತದೆ. ಪ್ರಮಾಣ ತಪ್ಪಿದ ಮಾತ್ರಕ್ಕೆ ಸಾಕ್ಷ್ಯ ಅಸಿಂಧುವಾಗದು ಎಂದು ಪ್ರಮಾಣವಚನ ಕಾಯ್ದೆಯ 7ನೇ ಕಲಂ ಹೇಳುವುದು ನಿಜ. ಆದರೂ ಪ್ರಮಾಣ ಮಾಡಿದವರಿಗೆ ‘ಇದು ನನಗೆ ಅರ್ಥವಾಗಲಿಲ್ಲ’ ಎಂದು ಪೀಠಕ್ಕೆ ಹೇಳುವ ಧೈರ್ಯ ಬರುತ್ತದೆ, ಅದರ ಬೆಲೆ ದೊಡ್ಡದು.

ಆಮೇಲೆ ಇಬ್ಬರು ವಕೀಲರ ಎದುರು ಹತ್ತು ನಿಮಿಷದ ಹದನೋಟ. ಪ್ರಕರಣಕ್ಕೆ ಸಂಬಂಧವಿಲ್ಲದ ಮಾತು: ಊರಿಗೆ ಹೋಗಲು ಎಷ್ಟು ದಿನ, ಮನೆಯಲ್ಲಿ ಯಾರಿದ್ದಾರೆ, ಗೋಡೆಯ ಎತ್ತರ ಹೇಗೆ ಹೇಳುತ್ತೀರಿ, ನಿನ್ನೆ ನಾಳೆಗೆ ಏನನ್ನುತ್ತೀರಿ. ಪ್ರತಿ ಉತ್ತರವನ್ನೂ ದುಭಾಷಿ ಕನ್ನಡದಲ್ಲಿ ಹೇಳಬೇಕು, ಮತ್ತೆ ಭೋಜಪುರಿಗೆ ತಿರುಗಿಸಿ ಸಾಕ್ಷಿಯಿಂದ ಸರಿ ಎನ್ನಿಸಿಕೊಳ್ಳಬೇಕು. ‘ಬಿಹಾನ್’ ಎಂದರೆ ಬೆಳಗ್ಗೆಯೂ ಹೌದು, ನಾಳೆಯೂ ಹೌದು ಎಂಬುದು ಇಲ್ಲೇ ಹೊರಬಿತ್ತು. ಹೊಸ ದುಭಾಷಿಯ ಕೊರತೆಯೂ ಇಲ್ಲೇ ಕಂಡಿತು: ಅವರ ಕನ್ನಡ ಕಚೇರಿಯ ಕನ್ನಡ, ಗೇಣು–ಮೊಳ ಗೊತ್ತಿರಲಿಲ್ಲ. ಸಾಕ್ಷಿಯ ಭಾಷೆ ಚೆನ್ನಾಗಿದ್ದರೆ ಸಾಕೆಂದು ಭಾವಿಸುವುದು ಸುಲಭ, ದಾಖಲೆಯ ಭಾಷೆಯೂ ಅಷ್ಟೇ ಚೆನ್ನಾಗಿರಬೇಕು. ಪದ ಸಿಗದಿದ್ದರೆ ಹತ್ತಿರದ ಪದ ಹಾಕದೆ ವಿವರಿಸಿ ಎಂದು ಅವರಿಗೆ ಹೇಳಲಾಯಿತು.

ನಿಲ್ಲುವ ಜಾಗ ಬದಲಾಯಿತು. ಸಾಕ್ಷಿಯ ಕೈ, ಮುಖ ಎರಡೂ ಕಾಣುವಂತೆ ಪಕ್ಕದಲ್ಲಿ, ಒಂದೆರಡು ಹೆಜ್ಜೆ ಮುಂದೆ, ಪೀಠಕ್ಕೆ ಓರೆಯಾಗಿ. ಕೈಯಲ್ಲಿ ಚೀಟಿಪುಸ್ತಕ. ಒಂದು ಸಲಕ್ಕೆ ಒಂದೋ ಎರಡೋ ವಾಕ್ಯ. ಸಾಕ್ಷಿ ‘ನಾನು’ ಎಂದರೆ ದುಭಾಷಿಯೂ ‘ನಾನು’ ಎನ್ನಬೇಕು. ತಮ್ಮ ಕಡೆಯಿಂದ ಹೇಳುವಾಗ ‘ದುಭಾಷಿಗೆ ಸ್ಪಷ್ಟನೆ ಬೇಕು’ ಎನ್ನಬೇಕು. ಹಾಗಿದ್ದರೆ ಯಾವ ಮಾತು ಯಾರದು ಎಂಬ ಗೊಂದಲ ಕಡತದಲ್ಲಿ ಹುಟ್ಟುವುದಿಲ್ಲ. ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷಕ್ಕೆ ವಿರಾಮ. ದಣಿದ ದುಭಾಷಿಯ ವಾಕ್ಯಗಳು ಚಿಕ್ಕದಾಗುತ್ತ ಹೋಗುತ್ತವೆ, ಬಿಟ್ಟುಹೋದದ್ದು ಅವರಿಗೇ ತಿಳಿಯುವುದಿಲ್ಲ.

ಸನ್ನೆಗಳಿಗೆ ಪೀಠ ಒಂದು ಕ್ರಮ ಹಾಕಿತು. ದುಭಾಷಿ ಸನ್ನೆಯನ್ನು ತಾವು ಮಾಡಿ ತೋರಿಸಕೂಡದು, ಅದಕ್ಕೆ ಅರ್ಥವನ್ನೂ ಹೇಳಕೂಡದು. ನ್ಯಾಯಾಧೀಶರೇ ಕಂಡದ್ದನ್ನು ಕಂಡಂತೆ ಬರೆಸುತ್ತಾರೆ, ನಂತರ ಬಾಯಿಮಾತಿನ ಉತ್ತರ ಕೇಳುತ್ತಾರೆ. ತಲೆಯಾಡಿಸಿದರೆ ಅದನ್ನು ಉತ್ತರವೆಂದು ಎಣಿಸುವುದಿಲ್ಲ. ‘ಇರಲಿಲ್ಲ ಅಲ್ಲವೇ’ ಮಾದರಿಯ ಪ್ರಶ್ನೆಯನ್ನು ‘ಇತ್ತೇ?’ ಎಂದು ತಿರುಗಿಸಿ ಕೇಳಬೇಕೆಂದಾಗ ಪ್ರತಿವಾದಿ ವಕೀಲರು ಸ್ವಲ್ಪ ಪ್ರತಿಭಟಿಸಿ ಒಪ್ಪಿಕೊಂಡರು.

ಎರಡನೆಯ ಸಲ

‘ಮಾರಬ್’ ಬಂದಾಗ ಹೊಸ ದುಭಾಷಿ ನಿಂತರು. ‘ನಾನು ಇವನನ್ನು ಹೊಡೆಯುತ್ತೇನೆ’ ಎಂದು ಹೇಳಿ, ‘ಈ ಪದ ಸಂದರ್ಭ ನೋಡಿ ಕೊಲ್ಲುವುದಕ್ಕೂ ಸಲ್ಲಬಹುದು, ಸಾಕ್ಷಿಯನ್ನೇ ಕೇಳಲು ದುಭಾಷಿ ಕೋರುತ್ತಾರೆ’ ಎಂದರು. ಮಾತಿನ ತೂಕ ಅಳೆಯುವ ಕೆಲಸ ತಮ್ಮದಲ್ಲವೆಂದು ಪೀಠಕ್ಕೆ ಒಪ್ಪಿಸಿದ ಈ ನಡೆ ಅಂದಿನ ಅತ್ಯುತ್ತಮ ಕೆಲಸ. ಪ್ರಶ್ನೆ ಕೇಳಲು ಭಾರತೀಯ ಸಾಕ್ಷ್ಯ ಅಧಿನಿಯಮದ 168ನೇ ಕಲಂ ನ್ಯಾಯಾಧೀಶರಿಗೆ ಅಧಿಕಾರ ಕೊಡುತ್ತದೆ. ಒಂದನೇ ಆರೋಪಿ ಆಡಿದ ಅಷ್ಟೂ ಪದಗಳನ್ನು ಇದ್ದಂತೆ ಹೇಳಿ ಎಂದು ಅವರು ಸಾಕ್ಷಿಗೆ ಹೇಳಿದರು. ‘ಜಾನ್ ಸೇ’ ಎಂಬುದು ಅದರಲ್ಲಿ ಇರಲಿಲ್ಲ. ಬದಲಿಗೆ ಒಂದು ಕೆಟ್ಟ ಬೈಗುಳ ಇತ್ತು. ಅದನ್ನು ಕನ್ನಡದಲ್ಲಿ ಆಡಲು ದುಭಾಷಿ ಸಂಕೋಚಪಟ್ಟು ‘ಅವಾಚ್ಯವಾಗಿ ಬೈದ’ ಎಂದರು. ಪೂರ್ತಿ ಪದವನ್ನೇ ಹೇಳಬೇಕೆಂದು ಪೀಠ ಸೂಚಿಸಿತು. ಮಾತನ್ನು ಸಭ್ಯಗೊಳಿಸಿದರೆ ಕೋಪದ ಮಟ್ಟ ಮರೆಯಾಗುತ್ತದೆ, ಒರಟಾಗಿಸಿದರೂ ಅದೇ ಅನ್ಯಾಯ.

ಹೆಸರಿನ ಪ್ರಶ್ನೆ ಬಂದಾಗ ಸೆರಗು ಮತ್ತೆ ಇಳಿಯಿತು. ದುಭಾಷಿ ಅರ್ಥ ಹೇಳಲಿಲ್ಲ. ‘ಇದಕ್ಕೆ ಸಂಬಂಧದ ಕಾರಣ ಇರಬಹುದು, ನ್ಯಾಯಾಲಯ ಬಯಸಿದರೆ ಕೇಳಬಹುದು’ ಎಂದಷ್ಟೇ ಎಂದರು. ಕೇಳಿದಾಗ, ‘ಊ ಹಮಾರ್ ಭಸುರ್ ಹವೇಂ.’ ದುಭಾಷಿ ‘ಭಾವ’ ಎನ್ನದೆ ‘ಅವರು ನನ್ನ ಗಂಡನ ಅಣ್ಣ’ ಎಂದದ್ದು ಸರಿ, ಏಕೆಂದರೆ ನಮ್ಮ ‘ಭಾವ’ ಅಕ್ಕನ ಗಂಡನಿಗೂ ಸಲ್ಲುತ್ತದೆ. ಭಸುರನ ಮುಂದೆ ಮುಖ ತೋರದಿರುವುದು, ಹೆಸರೆತ್ತದಿರುವುದು ಆಕೆಯ ಮನೆಯ ಮರ್ಯಾದೆ ಎಂಬುದು ಆಕೆಯ ಬಾಯಿಂದಲೇ ದಾಖಲೆಗೆ ಬಂತು. ಗುರುತಿಸುವುದಕ್ಕೆ ಹೆಸರೇ ಬೇಕೆಂದಿಲ್ಲ. ಆಕೆ ಆ ಕಡೆ ನೋಡದೆ ಬೆರಳು ತೋರಿ, ‘ಗೋಡೆ ಕಡೆ ನಿಂತವರು, ಇಂಥ ಮಗುವಿನ ಅಪ್ಪ’ ಎಂದಳು. ದಾಖಲೆ ಹೀಗಿತ್ತು: ‘ಸಾಕ್ಷಿ ಸೆರಗಿನಿಂದ ಮುಖ ಮರೆಮಾಡಿಕೊಂಡು, ಬಲಗೈಯ ತೋರುಬೆರಳಿನಿಂದ ಗೋಡೆಯ ಪಕ್ಕ ನಿಂತಿರುವ 1ನೇ ಆರೋಪಿಯ ಕಡೆ ತೋರಿಸುತ್ತಾರೆ.’ ನುಣುಚಿಕೊಳ್ಳುವಿಕೆ, ಭಯ, ಲಜ್ಜೆ ಮೊದಲಾದ ಯಾವ ಹಣೆಪಟ್ಟಿಯೂ ಅದರಲ್ಲಿಲ್ಲ.

ಬೆಳಕಿನ ಪ್ರಶ್ನೆಗೆ ಈ ಸಲ ಹ್ಞಾಂ ಬರಲಿಲ್ಲ, ‘ಬಲ್ಬು ಉರಿಯುತ್ತಿತ್ತು’ ಎಂಬ ಉತ್ತರ ಬಂತು. ಹಾಥಿನ ಅಳತೆಯನ್ನು ದುಭಾಷಿ ‘ಮೊಣಕೈಯಿಂದ ಬೆರಳ ತುದಿವರೆಗೆ’ ಎಂದು ವಿವರಿಸಿದರು. ಸಾಕ್ಷಿಯ ತೋಳನ್ನು ಅಳೆಸಿ, ಮುದ್ದೆಮಾಲನ್ನು ತೋರಿಸಿ ಗುರುತು ಮಾಡಿಸಲಾಯಿತು. ಎರಡನೇ ಆರೋಪಿ ಎಲ್ಲಿದ್ದ ಎಂಬುದಕ್ಕೆ, ಜಗಳ ಬಿಡಿಸಲು ಬಂದಿದ್ದ ಎಂದಳು.

ಫಲಿತಾಂಶ

ಒಂದನೇ ಆರೋಪಿ ಕೊಲೆ ಯತ್ನದ ಬದಲು ನ್ಯಾಯ ಸಂಹಿತೆಯ 118(2)ನೇ ಕಲಮಿನಡಿ, ಅಪಾಯಕಾರಿ ಸಾಧನದಿಂದ ತೀವ್ರ ಗಾಯ ಮಾಡಿದ್ದಕ್ಕೆ ಶಿಕ್ಷೆಗೊಳಗಾದ. ಎರಡನೆಯವನ ಬಿಡುಗಡೆಯಾಯಿತು. ಗುರುತಿಸುವಿಕೆ, ಬೆಳಕು, ರಾಡ್ ಈ ಮೂರೂ ಸರಿಯಾದದ್ದು ಪ್ರಾಸಿಕ್ಯೂಷನ್‌ಗೆ ಬಲ ಕೊಟ್ಟಿತು. ‘ನಾನು’, ‘ಹೊಡೆಯುತ್ತೇನೆ’ ಎರಡೂ ಸರಿಯಾದದ್ದು ಪ್ರತಿವಾದಿಗೆ. ಒಳ್ಳೆಯ ದುಭಾಷಿ ಬೇಕೆಂಬ ಕೋರಿಕೆ ಒಂದು ಪಕ್ಷದ ತಂತ್ರವೆಂದು ನೋಡುವ ವಕೀಲರು ಈ ಲೆಕ್ಕವನ್ನು ಗಮನಿಸಬೇಕು. ಆ ಯುವಕನ ಸ್ವಾತಂತ್ರ್ಯ ಒಂದು ಬಹುವಚನ ಪ್ರತ್ಯಯದ ಮೇಲೆ ನಿಂತಿತ್ತು.

ಆ ನ್ಯಾಯಾಲಯದಲ್ಲಿ ಹೊರರಾಜ್ಯದ ಸಾಕ್ಷಿಗಳ ಸಮನ್ಸಿಗೆ ಈಗ ‘ಭಾಷೆ’ಯ ಕೆಳಗೆ ಎರಡು ಸಾಲು ಸೇರಿವೆ: ಮನೆಯಲ್ಲಿ ತಾಯಿಯೊಡನೆ ಆಡುವ ಮಾತು ಯಾವುದು, ಸ್ವಂತ ಊರಿನ ಜಿಲ್ಲೆ ಯಾವುದು. ‘ಹಿಂದಿ ಬರುತ್ತದೆಯೇ’ ಎಂಬ ಪ್ರಶ್ನೆಗಿಂತ ಇವೆರಡು ಹೆಚ್ಚು ತಿಳಿಸುತ್ತವೆ. ಆರೋಪಿಯೊಡನೆ ಸಾಕ್ಷಿಗೆ ನೆಂಟಸ್ತಿಕೆ ಇದ್ದರೆ ಅದನ್ನೂ ಮೊದಲೇ ಬರೆಸಿಕೊಂಡು, ಕಟಕಟೆಗಳ ನಡುವೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸುತ್ತಾರೆ. ಮುಖ್ಯ ಸಂಭಾಷಣೆಯ ಮೂಲ ಮಾತನ್ನು ಕನ್ನಡ ಲಿಪಿಯಲ್ಲಿ ಅನುವಾದದ ಪಕ್ಕ ಬರೆಸುತ್ತಾರೆ. ಸಾಕ್ಷಿಯ ಭಾಷೆಯಲ್ಲೇ ದಾಖಲಿಸಿಕೊಳ್ಳಲು ಸುರಕ್ಷಾ ಸಂಹಿತೆಯ 312ನೇ ಕಲಂ ಅವಕಾಶ ಕೊಟ್ಟೇ ಇದೆ, ಇಡೀ ಹೇಳಿಕೆಗೆ ಸಾಧ್ಯವಾಗದಿದ್ದರೂ ನಾಲ್ಕು ವಾಕ್ಯಕ್ಕೆ ಸಾಧ್ಯ.

ಸರಿಪಡಿಸಲಾಗದೆ ಉಳಿದದ್ದು ಪೊಲೀಸರ ಮುಂದಿನ ಹೇಳಿಕೆ. ಮರುವಿಚಾರಣೆಯಲ್ಲೂ ಅದನ್ನು ಎದುರಿಟ್ಟು ಸಾಕ್ಷಿಯನ್ನು ಕೆಣಕಲಾಯಿತು: ‘ಹೆಸರು ಹೇಳಿದ್ದೀರಲ್ಲ, ಇಲ್ಲೇಕೆ ಹೇಳುವುದಿಲ್ಲ?’ ಆ ಹೆಸರು ಆಕೆಯ ಬಾಯಿಂದ ಬಂತೋ ಸೂಪರ್‌ವೈಸರನ ಬಾಯಿಂದಲೋ ಎಂದು ತಿಳಿಯುವ ದಾರಿ ಇರಲಿಲ್ಲ. ಹೇಳಿಕೆ ಪೂರ್ತಿ ಶುದ್ಧ ಕನ್ನಡದಲ್ಲಿತ್ತು. ಅದಕ್ಕೆ ಅರ್ಥ ಹೇಳಿದವರು ಯಾರು, ಯಾವ ಭಾಷೆಯಲ್ಲಿ ಕೇಳಿದರು ಎಂಬ ಒಂದು ಸಾಲೂ ಅದರಲ್ಲಿ ಇರಲಿಲ್ಲ.